ದಿಶಾಂಕ್ ಆಪ್: ಟೋಕನ್ ಅಡ್ವಾನ್ಸ್ ಕೊಡೋಕೆ ಮುಂಚೆ ಸೈಟಿನ ಮೇಲೆ ನಿಂತು ತೆಗೆಯಿರಿ

ಕೆಂಗೇರಿಯಲ್ಲಿ ನಂದೊಂದು ಜೆರಾಕ್ಸ್ ಅಂಗಡಿ. ಹದಿನೆಂಟು ವರ್ಷದಿಂದ ಊರವರ ಪಹಣಿ, ಇಸಿ, ಕ್ರಯಪತ್ರ ಎಲ್ಲ ನನ್ನ ಮಿಷಿನ್ನಿನ ಗಾಜಿನ ಮೇಲೆ ಮಲಗಿ ಎದ್ದಿವೆ. ಕಾಗದ ಸರಿ ಇದ್ದರೂ ಕಾಗದದಲ್ಲಿರೋ ಸರ್ವೆ ನಂಬರು ನಾವು ನಿಂತಿರೋ ನೆಲದ್ದೇನಾ ಅನ್ನೋದು ಬೇರೆ ಪ್ರಶ್ನೆ. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ಮಾಡಿರೋ, ನಿಂತ ಜಾಗದ ಸರ್ವೆ ನಂಬರು ನಕ್ಷೆ ಮೇಲೆ ತೋರಿಸೋ ದಿಶಾಂಕ್ ಆಪ್ ಇರೋದು ಈ ಪ್ರಶ್ನೆಗೇ. ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಭಾಮೈದನಿಗೆ ಒಂದು 30-40 ಸೈಟು ಬೇಕಿತ್ತು. ಭಾನುವಾರ ಮಾಗಡಿ ರಸ್ತೆ ಕಡೆ ಒಂದು ಲೇಔಟಿಗೆ ಹೋದ್ವಿ. ಕಮಾನು, ಸಿಮೆಂಟ್ ರಸ್ತೆ, ಬಿಳಿ ಬಣ್ಣ ಬಳಿದ ಕಲ್ಲು, ಮಜ್ಜಿಗೆ ಪ್ಯಾಕೆಟ್ಟು, ಎಲ್ಲ ರೆಡಿ. ನಮಗೆ ತೋರಿಸಿದ್ದು 27ನೇ ನಂಬರಿನ ಸೈಟು. ಆಪ್ ತೆಗೆದೆ. ಜಿಪಿಎಸ್ ಚುಕ್ಕೆ ಬಂತು, ಬ್ರೋಷರಿನಲ್ಲಿದ್ದ ಸರ್ವೆ ನಂಬರೇ ಬಂತು. ಭಾಮೈದ ಖುಷಿ. ಹತ್ತು ಹೆಜ್ಜೆ ಹಾಕಿದೆ ನೋಡಿ, ಪಕ್ಕದ ನಂಬರಿಗೆ ಹಾರಿತು. ಎರಡರ ಮಧ್ಯೆ ಹಳೇ ಗ್ರಾಮ ನಕ್ಷೆಯ ಹಳ್ಳದ ಗೆರೆ.

"ಸಾರ್, ಆ ಆಪ್ ಎಲ್ಲ ಕಡೆ ಹಳ್ಳ ತೋರಿಸುತ್ತೆ" ಅಂದ ಬ್ರೋಕರು.

ನೆಲದ ಮೇಲೆ ಹಳ್ಳದ ಸುಳಿವೇ ಇಲ್ಲ ಅನ್ನೋದು ನಿಜ. ಆದರೆ ಹೊಸ ರಸ್ತೆ ಕೆಳಗೆ ಎರಡು ದಪ್ಪ ಸಿಮೆಂಟ್ ಪೈಪಿನ ಮೋರಿ ಇತ್ತು. "ಹಳ್ಳ ಇಲ್ಲದ ಕಡೆ ಮೋರಿ ಯಾಕಪ್ಪ?" ಅಂತ ಕೇಳಿದೆ. ಫೋನ್ ಬಂತು ಅಂತ ಆಚೆ ಹೋದ.

ಬೆಂಗಳೂರಿನ 2015ರ ಮಾಸ್ಟರ್ ಪ್ಲಾನ್ ಲೆಕ್ಕದಲ್ಲಿ ರಾಜಕಾಲುವೆಗೆ 50 ಮೀಟರ್, ಅದಕ್ಕಿಂತ ಚಿಕ್ಕವಕ್ಕೆ 25, 15 ಮೀಟರ್ ಜಾಗ ಏನೂ ಕಟ್ಟದೆ ಬಿಡಬೇಕು. ಹಳ್ಳ ಸಣ್ಣದೇ ಅಂದುಕೊಂಡರೂ 27ನೇ ಸೈಟಿನಲ್ಲಿ ಮನೆಗೆ ಉಳಿಯೋದು ತುಳಸಿಕಟ್ಟೆಯಷ್ಟು ಜಾಗ.

ಹಾಗಂತ ಆಪನ್ನೇ ನಂಬಿ ಕೂರಬೇಡಿ. 30-40 ಅಂದರೆ 9 ಮೀಟರ್ ಅಗಲ. ಫೋನಿನ ಜಿಪಿಎಸ್ಸು ಐದು, ಹತ್ತು ಮೀಟರ್ ಆಚೀಚೆ ಆಗೋದು ಮಾಮೂಲಿ, ಅಂದರೆ ತಪ್ಪು ಒಂದು ಇಡೀ ಸೈಟಿನಷ್ಟಿರಬಹುದು. ಎಕರೆಗಟ್ಟಲೆ ಹೊಲಕ್ಕೆ ಇದು ಸಾಕು, ಗುಂಟೆ ಲೆಕ್ಕಕ್ಕೆ ಸಾಲದು. ಗಡಿಗೆ ಸರ್ವೇಯರ್ ಕರೆಸಲೇಬೇಕು. ನಾವೂ ಆಪ್ ನೋಡಿ ಅಲ್ಲೇ ಬೇಡ ಅನ್ನಲಿಲ್ಲ. ಗ್ರಾಮ ನಕ್ಷೆಯ ಪ್ರತಿ ತೆಗೆಸಿದ ಮೇಲೆ ಅಂದಿದ್ದು. ಗೆರೆ ಅಲ್ಲೂ ಇತ್ತು.

ಇನ್ನೊಂದು ಕೊರತೆ ಹಿಸ್ಸಾ. ನಗರದಂಚಿನ ಹಳ್ಳಿಗಳಲ್ಲಿ ನಾಲ್ಕೆಕರೆಯ ಒಂದು ಸರ್ವೆ ನಂಬರು ಅಣ್ಣತಮ್ಮಂದಿರ ಪಾಲಾಗಿ ಏಳೆಂಟು ಹಿಸ್ಸಾ ಆಗಿರುತ್ತೆ. ಆಪಿನಲ್ಲಿ ಸರ್‌ನೋಕ್ (ಸರ್ವೆ ನಂಬರಿನ ಜೊತೆ ಬರೋ ಗುರುತು), ಹಿಸ್ಸಾ ಒತ್ತಿದರೆ ಭೂಮಿ ದಾಖಲೆಯಿಂದ ಮಾಲೀಕರ ಹೆಸರು, ವಿಸ್ತೀರ್ಣ ಬರುತ್ತೆ. ನೀವು ನಿಂತಿರೋದು ಯಾವ ಹಿಸ್ಸಾದ ಮೇಲೆ ಅನ್ನೋದು ಮಾತ್ರ ನಕ್ಷೆಯಿಂದ ಗೊತ್ತಾಗಲ್ಲ, ಅಲ್ಲಿ ಗೆರೆ ಇರೋದು ಬಹುಮಟ್ಟಿಗೆ ಸರ್ವೆ ನಂಬರಿಗಷ್ಟೇ. ಬ್ರೋಕರುಗಳ ಆಟ ನಡೆಯೋದೇ ಇಲ್ಲಿ. ಜೊತೆಗೆ ಪಹಣಿ ತೆಗೆಸಿ, ಖರಾಬು (ಬ) ಎಷ್ಟಿದೆ ನೋಡಿ. ಅದು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಜಾಗ. ಆಮೇಲೆ ಮಾರಿದವನನ್ನು ಹುಡುಕಿಕೊಂಡು ಅಲೆಯೋ ಹಾಗಾಗಬಾರದು.

ಜಾಗ ಮನೆ ಕಟ್ಟೋಕೆ ಬಿಟ್ಟಿರೋ ಯೆಲ್ಲೋ ಝೋನಾ, ಹಸಿರಿಗೆ ಮೀಸಲಿಟ್ಟ ಗ್ರೀನ್ ಬೆಲ್ಟಾ ಅನ್ನೋದಕ್ಕೆ ಮಾಸ್ಟರ್ ಪ್ಲಾನ್ ನಕ್ಷೆಯನ್ನೇ ನೋಡಬೇಕು. 2031ರದ್ದು ತೋರಿಸಿ "ಇಲ್ಲಿ ಕಮರ್ಷಿಯಲ್ ಆಗುತ್ತೆ ಸಾರ್" ಅಂದರೆ ನಂಬಬೇಡಿ, ಆ ಕರಡನ್ನು ಸರ್ಕಾರ ವಾಪಸ್ ತಗೊಂಡಾಯ್ತು. ಕೋರ್ಟು ಕೇಸು, ಸಾಲ, ಕನ್ವರ್ಷನ್ (ಹೊಲವನ್ನ ಬೇರೆ ಬಳಕೆಗೆ ಬದಲಿಸೋ ಅನುಮತಿ), ಇವಕ್ಕೂ ಬೇರೆ ಕಾಗದ ತೆಗೆಸಲೇಬೇಕು.

ನನ್ನ ಲೆಕ್ಕದಲ್ಲಿ ಆಪಿಗೆ ಐದಕ್ಕೆ ನಾಲ್ಕು. ಆ ಒಂದು ಕಮ್ಮಿ ಹಿಸ್ಸಾಗೆ.

ಭಾಮೈದನಿಗೆ ಈಗ ಇದರದ್ದೇ ಹುಚ್ಚು. ಮೊನ್ನೆ ಮದುವೆ ಊಟದ ಪಂಕ್ತಿಯಲ್ಲಿ ಕೂತು, "ಭಾವ, ಛತ್ರ ಯಾವ ಸರ್ವೆ ನಂಬರಲ್ಲಿದೆ ನೋಡೋಣ" ಅಂತ ಫೋನ್ ತೆಗೆದ. ಒಳಗೆ ಚುಕ್ಕೆ ಒಂದು ಕಡೆ ನಿಲ್ಲಲಿಲ್ಲ. ಅಷ್ಟರಲ್ಲಿ ಪಾಯಸ ಬಂತು.