ಗೇರ್ ಕೈಯಲ್ಲಿರಲೋ, ಪಿಡಿಕೆಗೆ ಬಿಡಲೋ?

ಕಲಬುರಗಿಯಲ್ಲಿ ದಾಲ್ ಮಿಲ್ ನಡೆಸುವ ನನ್ನ ಗೆಳೆಯನಿಗೆ ಈಗ ಒಂದೇ ಗುಂಗು: 2024ರ ಅಕ್ಟೋಬರ್‌ನಲ್ಲಿ ತೋರಿಸಿದ ಹೊಸ ಸ್ಪೋರ್ಟ್ಸ್ ಕಾರು ಪೋರ್ಷೆ 911 ಜಿಟಿ3. ಎಂಜಿನ್ ಬಗ್ಗೆ ತಕರಾರಿಲ್ಲ. 4 ಲೀಟರ್, ಟರ್ಬೊ ಇಲ್ಲ, 510 ಪಿಎಸ್ ಶಕ್ತಿ, 9000 ಆರ್‌ಪಿಎಂವರೆಗೆ ಕಿರುಚುತ್ತದೆ. ಗೊಂದಲ ಇರುವುದು ಗೇರ್‌ಬಾಕ್ಸ್‌ನಲ್ಲಿ.

ಪಿಡಿಕೆ ಅಂದ್ರೆ ತಾನೇ ಗೇರ್ ಬದಲಿಸುವ ಪೋರ್ಷೆಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್. 7 ಗೇರಿನ ಈ ಪಿಡಿಕೆ ಇದ್ದರೆ ಗಂಟೆಗೆ ನೂರು ಕಿ.ಮೀ. ವೇಗ ಮುಟ್ಟಲು 3.4 ಸೆಕೆಂಡು ಸಾಕು. 6 ಗೇರಿನ ಮ್ಯಾನ್ಯುವಲ್‌ಗೆ 3.9 ಬೇಕು. ಲೆಕ್ಕದಲ್ಲಿ ಪಿಡಿಕೆಯೇ ಗೆದ್ದಿತು ಅಲ್ವಾ? ಆದರೆ ಸೇಡಂ ರಸ್ತೆಯಲ್ಲಿ ಮುಂದೆ ತೊಗರಿ ಲಾರಿ, ಪಕ್ಕದಲ್ಲಿ ಟ್ರ್ಯಾಕ್ಟರ್. ಆ ಅರ್ಧ ಸೆಕೆಂಡು ಉಳಿಸಿ ಏನು ಮಾಡ್ತೀರಿ? ಕೈಯಾರೆ ಗೇರ್ ಹಾಕುವ ಮಜಾಕ್ಕೆ ನನ್ನ ವೋಟು ಮ್ಯಾನ್ಯುವಲ್‌ಗೆ. ಸಂಜೆ ಸೂಪರ್ ಮಾರ್ಕೆಟ್ ಕಡೆ ಕ್ಲಚ್ ತುಳಿದು ತುಳಿದು ಮೊಣಕಾಲು ಹಿಡ್ಕೊಂಡ್ರೆ ಮಾತ್ರ ನನ್ನನ್ನು ಬೈಬೇಡಿ.

ಇನ್ನು ಹಿಂದೆ ದೊಡ್ಡ ರೆಕ್ಕೆ ಇರುವ ಜಿಟಿ3ಯೋ, ಅದಿಲ್ಲದ ಟೂರಿಂಗ್ ಮಾದರಿಯೋ? ಟೂರಿಂಗ್‌ಗೆ ಈ ಸಲ ಹಿಂದಿನ ಸೀಟನ್ನೂ ಹಾಕಿಸಿಕೊಳ್ಳಬಹುದು. ಮಕ್ಕಳಿದ್ದರೆ ಅದೇ ಸರಿ.

ಸೆರಾಮಿಕ್ ಬ್ರೇಕ್ ಟ್ರ್ಯಾಕಿಗೆ ಹೋಗುವವರಿಗೆ, ನಮಗೆ ಸುಮ್ನೆ ಖರ್ಚು. ಕಾರಿನ ಮೂತಿ ಎತ್ತುವ ಲಿಫ್ಟ್ ಮಾತ್ರ ಬಿಡಬೇಡಿ. ನಮ್ಮ ಓಣಿಯ ಹಂಪ್ ಮೇಲೆ ನನ್ನ ಸಣ್ಣ ಕಾರೇ ಹೊಟ್ಟೆ ಉಜ್ಜಿಕೊಂಡು ದಾಟುತ್ತದೆ.