ಕಾರ್ಡು, ಹಾಳೆ, ಪರದೆ: ಸುವರ್ಣ ಆಯತಕ್ಕೆ ಯಾವುದು ಹತ್ತಿರ?

ಬ್ಯಾಂಕ್ ಕಾರ್ಡಿನ ಆಕಾರ ಸುವರ್ಣ ಅನುಪಾತದ್ದು ಎಂಬ ಮಾತನ್ನು ಹಲವು ಬಾರಿ ಕೇಳಿದ್ದರಿಂದ, ಕಾರ್ಡಿನ ಜೊತೆಗೆ ಎ4 ಹಾಳೆ, 6×4 ಇಂಚಿನ ಫೋಟೋ ಮತ್ತು ಎರಡು ಬಗೆಯ ಲ್ಯಾಪ್‌ಟಾಪ್ ಪರದೆಗಳನ್ನೂ ಪರೀಕ್ಷಿಸಿ ನೋಡಿದೆ. ಉದ್ದವನ್ನು ಅಗಲದಿಂದ ಭಾಗಿಸಿದಾಗ ಸುಮಾರು 1.618 ಬಂದರೆ ಅದು ಸುವರ್ಣ ಆಯತ. ಅದರಿಂದ ಒಂದು ಚೌಕವನ್ನು ಕತ್ತರಿಸಿ ತೆಗೆದರೆ ಉಳಿಯುವ ತುಂಡಿಗೂ ಅದೇ ಅನುಪಾತವಿರುತ್ತದೆ.

ಕಾರ್ಡಿನ ಅಂತರರಾಷ್ಟ್ರೀಯ ಅಳತೆ 85.60×53.98 ಮಿ.ಮೀ., ಅಂದರೆ ಅನುಪಾತ 1.586. ಅಗಲ ಒಂದೇ ಒಂದು ಮಿಲಿಮೀಟರ್ ಕಡಿಮೆಯಿದ್ದಿದ್ದರೆ ಅದು ಬಹುತೇಕ ಸುವರ್ಣ ಆಯತವೇ ಆಗುತ್ತಿತ್ತು. ಕೈತಪ್ಪಿ ಅಷ್ಟು ಅಳತೆ ವ್ಯತ್ಯಾಸವಾದರೂ ಸಾಕು, ನಂಬಿಕೆ ನಿಜವಾದಂತೆ ಕಾಣುತ್ತದೆ. ಹಾಗಾಗಿ ಭಾಗಾಕಾರಕ್ಕಿಂತ ಕರ್ಣದ ಪರೀಕ್ಷೆಯನ್ನೇ ನಾನು ಹೆಚ್ಚು ನೆಚ್ಚಿದೆ. ಒಂದು ಕಾರ್ಡನ್ನು ಅಡ್ಡವಾಗಿಯೂ ಅದಕ್ಕೆ ತಾಗಿದಂತೆ ಬಲಕ್ಕೆ ಅಂಥದೇ ಇನ್ನೊಂದನ್ನು ಉದ್ದವಾಗಿಯೂ ಒಂದೇ ಗೆರೆಯ ಮೇಲಿಟ್ಟು, ಮೊದಲನೆಯದರ ಕರ್ಣವನ್ನು ಎಡಗಡೆಯ ಕೆಳಮೂಲೆಯಿಂದ ಮುಂದಕ್ಕೆಳೆದರೆ, ಸುವರ್ಣ ಆಯತದಲ್ಲಿ ಆ ಗೆರೆ ಎರಡನೆಯದರ ಬಲ ಮೇಲ್ಮೂಲೆಯನ್ನೇ ಮುಟ್ಟಬೇಕು. ಕಾರ್ಡಿನಲ್ಲಿ ಗೆರೆ ಮೂಲೆಗಿಂತ ಸುಮಾರು ಎರಡೂವರೆ ಮಿ.ಮೀ. ಮೇಲೆ ಹೋಯಿತು.

ಎ4 ಹಾಳೆಯಲ್ಲಿ ಅದು ಆರು ಸೆಂಟಿಮೀಟರ್‌ನಷ್ಟು ತಪ್ಪಿತು. ಆದರೆ ಇದನ್ನು ಹಾಳೆಯ ದೋಷವೆನ್ನಲಾಗದು. 1922ರಲ್ಲಿ ಜರ್ಮನಿಯಲ್ಲಿ ಮಾನಕವಾದ ಈ ಸರಣಿಯ ಅನುಪಾತ 2ರ ವರ್ಗಮೂಲ, ಅಂದರೆ 1.414, ಅರ್ಧಕ್ಕೆ ಮಡಿಸಿದರೂ ಆಕಾರ ಬದಲಾಗದಿರುವುದೇ ಅದರ ಗುಣ, ಮತ್ತು ದಿನಬಳಕೆಗೆ ಅದು ಚೌಕ ಕತ್ತರಿಸುವುದಕ್ಕಿಂತ ಎಷ್ಟೋ ಉಪಯುಕ್ತ. ಫೋಟೋದ್ದು ನೇರ 1.5, ಅಲ್ಲಿ ವಿವರಿಸುವುದು ಹೆಚ್ಚೇನಿಲ್ಲವೆಂದುಕೊಂಡಿದ್ದೆ.

ಪರದೆಗಳಲ್ಲಿ ಅಂಚನ್ನು ಬಿಟ್ಟು, ಬೆಳಗುವ ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿದೆ. 16:9ರ ಪರದೆ 1.778ರೊಂದಿಗೆ ಅತಿ ಉದ್ದವಾಯಿತು, ಗೆರೆ ಮೂಲೆಗಿಂತ ಕೆಳಗೆ ಬಿತ್ತು. 16:10ರದು 1.6, ಕಾರ್ಡನ್ನೂ ಹಿಂದಿಕ್ಕಿ, ನಾನು ನೋಡಿದವುಗಳಲ್ಲಿ ಅದೇ ಅತಿ ಸಮೀಪದ್ದಾಯಿತು. ಆದರೂ ಚೌಕದ ಪರೀಕ್ಷೆಯಲ್ಲಿ ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ. 16×10 ಸೆಂ.ಮೀ. ಕಾಗದದಿಂದ ಒಂದೊಂದೇ ಚೌಕವನ್ನು ಕತ್ತರಿಸುತ್ತ ಹೋದಾಗ ಮೊದಲು 10×6, ಬಳಿಕ 6×4, ಆಮೇಲೆ 4×2 ಉಳಿದವು. ನಾನು ಕಡೆಗಣಿಸಿದ್ದ ಫೋಟೋದ ಆಕಾರ ಎರಡನೆಯ ಕತ್ತರಿಕೆಗೇ ಕೈಗೆ ಬಂದಿತ್ತು.