800 ರೂಪಾಯಿಯ ಡಬ್ಬಿ, ಶಾಲೆಯ ಸಂತೆ, 30 ರೂಪಾಯಿಯ ಮೆಂತ್ಯ

ನಮ್ಮ ಮನೆ ಅಟ್ಟದ ಮೇಲೆ ವ್ಯಾಪಾರದ ಆಟದ ಡಬ್ಬಿಯೊಂದಿದೆ, ಬೇಕಾದವರು ಬಂದು ತಗೊಂಡು ಹೋಗಬಹುದು. ಮಕ್ಕಳಿಗೆ ದುಡ್ಡಿನ ಲೆಕ್ಕಾಚಾರ ಕಲಿಸುತ್ತೆ ಅಂತ ನಂಬಿ 800 ರೂಪಾಯಿ ಸುರಿದಿದ್ದೆ. ಆಮೇಲೆ ಅದನ್ನು ಕಲಿಸಿದ್ದು 30 ರೂಪಾಯಿಯ ಮೆಂತ್ಯ ಕಾಳು. ನನ್ನ ಒಲವು ಯಾವ ಕಡೆಗೆ ಅಂತ ಇಲ್ಲೇ ಗೊತ್ತಾಯಿತಲ್ಲ.

ಮಗಳಿಗೆ ಹತ್ತು, ಮಗನಿಗೆ ಏಳು. ಆಟದಿಂದ ಮಗನ ಕೂಡುವ, ಕಳೆಯುವ ಲೆಕ್ಕ ಚುರುಕಾಯಿತು, ಸುಳ್ಳು ಹೇಳಬಾರದು. ಆದರೆ ಆ ಹಲಗೆಯ ಮೇಲೆ ಯಾರೂ ಏನನ್ನೂ ಬೆಳೆಯುವುದಿಲ್ಲ, ತಯಾರಿಸುವುದಿಲ್ಲ, ತಿನ್ನುವುದೂ ಇಲ್ಲ. ಜಾಗ ಹಿಡಿ, ಬಂದವರ ಹತ್ತಿರ ಬಾಡಿಗೆ ಕೀಳು, ಅಷ್ಟೇ. ಇಂಥ ಆಟಗಳ ಮೂಲವನ್ನು 1904ರಲ್ಲಿ ಅಮೆರಿಕದ ಎಲಿಜಬೆತ್ ಮ್ಯಾಗಿ ಪೇಟೆಂಟ್ ಮಾಡಿಸಿದ್ದು, ಜಮೀನು ಕೆಲವರ ಕೈಗೇ ಸೇರಿದರೆ ಉಳಿದವರು ಹೇಗೆ ಬರಿಗೈಯಾಗುತ್ತಾರೆ ಅಂತ ತೋರಿಸುವುದಕ್ಕಂತೆ. ನನ್ನ ಮಗ ಕಲಿತದ್ದು ಮಾತ್ರ, "ಅಮ್ಮಾ, ನಾವೂ ಮನೆ ಬಾಡಿಗೆಗೆ ಕೊಡೋಣ." ನಾವಿರುವುದೇ ಬಾಡಿಗೆ ಮನೆಯಲ್ಲಿ.

ಶಾಲೆಯ ಮಕ್ಕಳ ಸಂತೆ ಇದಕ್ಕಿಂತ ಎಷ್ಟೋ ವಾಸಿ. ತಕ್ಕಡಿ ಹಿಡಿಯೋದು, ಕೂಗಿ ಕರೆಯೋದು, ಚೌಕಾಸಿಗೆ ಬಗ್ಗದೆ ನಿಲ್ಲೋದು ಎಲ್ಲ ಬಂತು. ನಾಚಿಕೆಯ ಮಗಳು ಗಂಟಲು ಬಿಚ್ಚಿ ಕೂಗಿದ್ದನ್ನು ನಾನು ಕಂಡದ್ದೇ ಅಲ್ಲಿ. ಆದರೆ ಅವಳು ಮಾರಿದ ಟೊಮೇಟೊ ಹಿಂದಿನ ಸಂಜೆ ನಾನೇ ಮಾರ್ಕೆಟ್ಟಿನಿಂದ ತಂದದ್ದು. ಕೊಂಡವರು ಅಪ್ಪ ಅಮ್ಮಂದಿರು, ಟೀಚರುಗಳು. ಒಬ್ಬರು ಮುದ್ದು ಬಂದು ಹತ್ತು ರೂಪಾಯಿಯ ಸಾಮಾನಿಗೆ ಐವತ್ತು ಕೊಟ್ಟು ಚಿಲ್ಲರೆ ಬೇಡ ಅಂದರು. ಅಸಲೆಷ್ಟು, ಲಾಭವೆಷ್ಟು ಅಂತ ಕೇಳಿದರೆ ಅವಳಿಗೆ ಗೊತ್ತಿಲ್ಲ. ಮೇಲಾಗಿ ವರ್ಷಕ್ಕೊಂದೇ ಸಲ.

ಇನ್ನು ಮೆಂತ್ಯ. ತಾರಸಿಯಲ್ಲಿ ನಾಲ್ಕು ಗ್ರೋ ಬ್ಯಾಗ್, ಮಣ್ಣು, ತೆಂಗಿನ ನಾರಿನ ಪುಡಿ ಸೇರಿ 320. ಕಾಳು 30. ರಾತ್ರಿ ನೆನೆಸಿ ಬಿತ್ತಿದ್ದು, ನಾಲ್ಕು ದಿನಕ್ಕೆ ಮೊಳಕೆ, ಇಪ್ಪತ್ತೈದು ದಿನಕ್ಕೆ ಕೊಯ್ಲು. ಒಂಬತ್ತು ಕಟ್ಟು ಬಂತು. ಹಾಪ್‌ಕಾಮ್ಸ್ ಮಳಿಗೆಯ ದರದ ಬೋರ್ಡ್ ನೋಡಿಕೊಂಡು ಬಂದು ಅಕ್ಕ ತಮ್ಮ ಇಬ್ಬರೂ ಕಟ್ಟಿಗೆ ಹದಿನೈದು ಅಂತ ನಿಗದಿ ಮಾಡಿದರು. ಬೀದಿಯಲ್ಲಿ ಆರು ಕಟ್ಟು ಹೋಯಿತು. ಒಂದನ್ನು ಮೂಲೆಮನೆ ಅಜ್ಜಿಗೆ ಕೊಟ್ಟು ಬದಲಿಗೆ ಕರಿಬೇವು ತಂದರು. ಎರಡು ನಮ್ಮ ಅಡುಗೆಮನೆಗೆ. "ನಾವೇ ತಿಂದದ್ದಕ್ಕೂ ದುಡ್ಡು ಬರೆದುಕೊಳ್ಳಬೇಕಾ?" ಅಂತ ಮಗಳು ಕೇಳಿದಾಗ ಒಗ್ಗರಣೆ ಹಾಕುತ್ತಿದ್ದ ನಾನು ಸೌಟು ಹಿಡಿದುಕೊಂಡೇ ನಿಂತುಬಿಟ್ಟೆ.

ತೊಂದರೆ ಬಂದದ್ದು ಬೆಳೆಯಿಂದಲ್ಲ, ದುಡ್ಡಿನಿಂದ. ಆರು ಜನರಲ್ಲಿ ನಾಲ್ವರು "ಅಮ್ಮನ ಫೋನ್ ತಗೊಂಡು ಬಾ ಪುಟ್ಟಾ, ಸ್ಕ್ಯಾನ್ ಮಾಡ್ತೀನಿ" ಅಂದರು. ಅರವತ್ತು ರೂಪಾಯಿ ನನ್ನ ಖಾತೆಗೆ ಬಿತ್ತು. ಮಗನ ಕೈಗೆ ಬಂದದ್ದು ಮೂವತ್ತು. ಅವನ ಪ್ರಕಾರ ನಾಲ್ಕು ಮನೆಯವರು ಸೊಪ್ಪನ್ನು ಪುಕ್ಕಟೆ ಒಯ್ದಿದ್ದಾರೆ. ಫೋನಿನಲ್ಲಿ ಮೆಸೇಜ್ ತೋರಿಸಿದೆ, ನಂಬಲಿಲ್ಲ. ಪುಸ್ತಕದಲ್ಲಿ ಬರೆದುಕೊಟ್ಟೆ. "ಅದು ನಿನ್ನ ದುಡ್ಡಾಯ್ತು" ಅಂದ. ಅವನು ಹೇಳಿದ್ದೂ ಸರಿಯೇ, ಆ ಅರವತ್ತರಲ್ಲಿ ನಾನು ಅಷ್ಟರಲ್ಲೇ ಹಾಲು ತಂದಾಗಿತ್ತು.

ನೋಟು ಮಾಡಿ ಕೊಡೋಣ ಅಂದರೆ ಎಟಿಎಂನಲ್ಲಿ ಹತ್ತರ ನೋಟು ಬರುವುದಿಲ್ಲ. ದಿನಸಿ ಅಂಗಡಿಯವರನ್ನು ಗೋಗರೆದು ಆರು ನೋಟು ತಂದೆ. ಎರಡನೇ ಬೆಳೆಗೆ ನಗದೇ ಬೇಕು ಅಂತ ಮಕ್ಕಳು ಹಟ ಹಿಡಿದರೆ, ಬಂದವರೆಲ್ಲ ಐವತ್ತು, ನೂರರ ನೋಟು ಹಿಡಿದವರೇ. ಹದಿನೈದಕ್ಕೆ ಚಿಲ್ಲರೆ ಎಲ್ಲಿಂದ ತರುವುದು? ಬೋಣಿಯೇ ಉದ್ರಿಯಾಯಿತು. ಕೊನೆಗೆ ದಾರಿ ಹುಡುಕಿದವಳು ಮಗಳು: ಕಟ್ಟು ಸಣ್ಣದು ಮಾಡಿ ಹತ್ತಕ್ಕೆ ಮಾರೋಣ. ಚಿಲ್ಲರೆಯ ತಲೆನೋವು ಕಮ್ಮಿಯಾಯಿತು. ಆದರೆ ಎದುರುಮನೆ ಆಂಟಿ ಕಟ್ಟನ್ನು ತಿರುಗಿಸಿ ನೋಡಿ, "ಏನೇ, ಹೋದ ಸಲಕ್ಕಿಂತ ಸಣ್ಣಗಾಗಿದೆ?" ಅಂದರು. ಇವಳು ತಡಬಡಾಯಿಸಿ ಒಂದು ಹಿಡಿ ಕೊಸರು ಹಾಕಿ ಬಂದಳು. ಬಿಸ್ಕತ್ತಿನ ಪ್ಯಾಕೆಟ್ಟು ಐದು ರೂಪಾಯಿಯಲ್ಲೇ ಇದ್ದು ಒಳಗೆ ಬಿಸ್ಕತ್ತು ಯಾಕೆ ಕಡಿಮೆಯಾಗುತ್ತೆ ಅಂತ ಅವತ್ತು ಅವಳಿಗೆ ಯಾರೂ ವಿವರಿಸಬೇಕಾಗಲಿಲ್ಲ.

ಮೊದಲ ಬೆಳೆಯ ಲೆಕ್ಕ: ಹಾಕಿದ್ದು 350, ಬಂದದ್ದು 90. ಮಗ ಅಳುಮೋರೆ ಹಾಕಿದ. "ಬ್ಯಾಗು, ಮಣ್ಣು ಮುಂದಿನ ಸಲಕ್ಕೂ ಬರುತ್ತಲ್ಲೋ, ಅದನ್ನೆಲ್ಲ ಒಂದೇ ಬೆಳೆ ಮೇಲೆ ಹಾಕಬಾರದು" ಅಂತ ಅಕ್ಕನೇ ಸಮಾಧಾನ ಮಾಡಿದಳು. ದಿನಾ ನೀರು ಹಾಕಿದ್ದು ತಾನು, ಹಾಗಾಗಿ ಪಾಲು ಹೆಚ್ಚು ಬೇಕು ಅನ್ನುವ ಅವನ ತಕರಾರು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.

ಹುಂಡಿ ಡಬ್ಬಿಯನ್ನೂ ಪ್ರಯತ್ನಿಸಿದ್ದೆವು. ಕೂಡಿಡೋದಕ್ಕೆ ಸರಿ, ಬೇರೇನಿಲ್ಲ.

ಬೆಳಿಗ್ಗೆ ನಾನು ಮನೆಯಲ್ಲಿರುತ್ತೇನೆ, ತಾರಸಿ ಇದೆ, ಬೀದಿಯವರ ಪರಿಚಯವಿದೆ, ತಿಂಗಳಿಗೆ ಇದಕ್ಕೆ ನೂರರ ಮೇಲೆ ಖರ್ಚು ಮಾಡುವ ಶಕ್ತಿಯಿಲ್ಲ. ಹಾಗಾಗಿ ನನಗೆ ಮೆಂತ್ಯವೇ. ಇಬ್ಬರೂ ಕೆಲಸಕ್ಕೆ ಹೋಗುವವರು, ಬಿಸಿಲು ಬೀಳದ ಮನೆಯವರು ಶಾಲೆಯ ಸಂತೆಯನ್ನೇ ಗಟ್ಟಿಯಾಗಿ ಹಿಡಿಯಿರಿ, ಆದರೆ ಸಾಮಾನು ಕೊಳ್ಳುವಾಗ ಮಗುವನ್ನೂ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ. ಮಳೆಗಾಲದಲ್ಲಿ ಮೆಂತ್ಯ ಕೊಳೆಯುತ್ತೆ, ಆಗ ನಾವು ದಂಟಿನ ಸೊಪ್ಪಿಗೆ ಇಳಿಯುತ್ತೇವೆ. ಸದ್ಯಕ್ಕೆ ಮೂಲೆಮನೆ ಅಜ್ಜಿ ಮುಂದಿನ ಕೊಯ್ಲಿಗೆ ಎರಡು ಕಟ್ಟು ಹೇಳಿಟ್ಟಿದ್ದಾರೆ, ದುಡ್ಡನ್ನೂ ಮುಂಗಡ ಕೊಟ್ಟಿದ್ದಾರೆ. ಮಗ ಅದರಲ್ಲಿ ಆಗಲೇ ಚಿಕ್ಕಿ ತಿಂದಿದ್ದಾನೆ. ಕಾಳು ಇನ್ನೂ ನೆನೆಹಾಕಿಲ್ಲ.